ಅಡಿಕೆ ಹಾಳೆಯಂಥ ಬೆಳ್ಳಿ ಕವಳದ ತಟ್ಟೆ: ಮೊದಲಿಂದ ಕೊನೆವರೆಗೆ ಮಾಡುವ ವಿಧಾನ

ನಮ್ಮ ಕಡೆ ಬೆಳ್ಳಿ ಸಾಮಾನು ಯಾರ ಕೈಗೆ ಕೊಟ್ಟರೂ ಮೊದಲು ಅಂಗೈಯಲ್ಲಿ ತೂಗಿ ನೋಡುತ್ತಾರೆ. ಆಮೇಲೆ "ಎಷ್ಟು ಗ್ರಾಂ?" ಅಂತ ಕೇಳುತ್ತಾರೆ. ಚೆಂದ ಇದೆಯಾ, ಯಾರು ಮಾಡಿದ್ದು, ಇದರಲ್ಲಿ ಏನು ಇಡುತ್ತೀರಿ ಅನ್ನೋದೆಲ್ಲ ಅದಾದ ಮೇಲಿನ ಮಾತು. ಎಷ್ಟೋ ಸಲ ಆ ಮಾತು ಬರೋದೇ ಇಲ್ಲ.

ನಮ್ಮ ಮನೆಯಲ್ಲೂ ಕವಳಕ್ಕೆ, ಅಂದರೆ ಎಲೆ ಅಡಿಕೆಗೆ, ಒಂದು ಬೆಳ್ಳಿಯ ತಟ್ಟೆ ಇದೆ. ಮದುವೆಗೆ ಬಂದದ್ದು. ಅಂಚಿಗೆ ನವಿಲು, ನಡುವೆ ಕಮಲ, ಎಲ್ಲ ಅಚ್ಚಿನಲ್ಲಿ ಒತ್ತಿದ್ದು. ವರ್ಷಕ್ಕೆ ಎರಡು ಸಲ ಬೀರುವಿನಿಂದ ಹೊರಗೆ ಬರುತ್ತದೆ, ಬರುವಾಗ ಕಪ್ಪಗಾಗಿರುತ್ತದೆ, ತಿಕ್ಕಿ ತೊಳೆದು ನೆಂಟರೆದುರು ಇಟ್ಟು ಮತ್ತೆ ಒಳಗೆ ಇಡುತ್ತೇವೆ. ಜಗಲಿಯಲ್ಲಿ ದಿನಾ ಕವಳ ಹಾಕುವುದು ಮಾತ್ರ ಸ್ಟೀಲ್ ತಟ್ಟೆಯಿಂದ. ಇದು ನನಗೆ ಯಾವತ್ತೂ ಸರಿ ಕಂಡಿಲ್ಲ. ಬೆಳ್ಳಿ ಕೈಯಾಡಿದಷ್ಟೂ ಬೆಳ್ಳಗಿರುವ ಲೋಹ, ಅದನ್ನು ಕತ್ತಲೆಯಲ್ಲಿಟ್ಟು ಕಪ್ಪು ಮಾಡಿ ಆಮೇಲೆ ಬೈಯೋದು ನಾವೇ.

ಹಾಗಾಗಿ ನಾನು ಜಗಲಿಯಲ್ಲೇ ಇರಬಲ್ಲ ಒಂದು ತಟ್ಟೆ ಮಾಡಿದೆ. ಆಕಾರಕ್ಕೆ ದೂರ ಹೋಗಲಿಲ್ಲ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯೇ ಸಾಕಾಯಿತು. ಕೆಳಗೆ ಹೇಳುವುದು ಆ ತಟ್ಟೆ ಮಾಡುವ ಪೂರ್ತಿ ಕೆಲಸ, ನಾನು ಮಾಡಿದ ತಪ್ಪುಗಳ ಸಮೇತ. ಆಭರಣದ ಕೆಲಸ ಸ್ವಲ್ಪವಾದರೂ ಗೊತ್ತಿದ್ದರೆ ಮೂರು ವಾರಾಂತ್ಯದಲ್ಲಿ ಮುಗಿಯುತ್ತದೆ. ಏನೂ ಗೊತ್ತಿಲ್ಲದಿದ್ದರೆ ಒಬ್ಬ ಆಚಾರ್ರ, ಅಂದರೆ ಅಕ್ಕಸಾಲಿಗರ, ಪರಿಚಯ ಮಾಡಿಕೊಳ್ಳಿ. ನಾನು ಕಲಿತದ್ದೂ ಹಾಗೇ, ಶಿವಮೊಗ್ಗದ ಒಬ್ಬ ವಯಸ್ಸಾದ ಆಚಾರ್ರ ಪಕ್ಕ ಕೂತು.

ಅಜ್ಜಿಯ ಚೊಂಬನ್ನು ಕರಗಿಸಬೇಡಿ

ಮೊದಲು ಇದೊಂದು ತೀರ್ಮಾನ ಮಾಡಿಕೊಳ್ಳಿ. ಹಳೆಯ ಬೆಳ್ಳಿ ಸಾಮಾನನ್ನೇ ಕಲೆ ಮಾಡುವವರು ಜಗತ್ತಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಬ್ರಿಟನ್ನಿನ ಕಾರ್ನೀಲಿಯಾ ಪಾರ್ಕರ್ 1988-89ರಲ್ಲಿ ಬೆಳ್ಳಿ ಲೇಪದ ತಟ್ಟೆ, ಚಮಚ, ಟೀ ಪಾಟು ಅಂತ ಸಾವಿರಕ್ಕೂ ಜಾಸ್ತಿ ಸಾಮಾನನ್ನು ರೋಡ್ ರೋಲರ್ ಕೆಳಗೆ ಹಾಕಿ ಅಪ್ಪಚ್ಚಿ ಮಾಡಿ, ತಂತಿ ಕಟ್ಟಿ ನೆಲದಿಂದ ಸ್ವಲ್ಪ ಮೇಲೆ ತೂಗುಬಿಟ್ಟರು. ಅಲ್ಲಿಯವರೇ ಆದ ಡೇವಿಡ್ ಕ್ಲಾರ್ಕ್ ಹಳೆಯ ಪಾತ್ರೆಗಳನ್ನು ಕತ್ತರಿಸಿ ಬೇರೆಯೇ ರೀತಿ ಜೋಡಿಸುತ್ತಾರೆ. ನೋಡಲು ನನಗೆ ಇಷ್ಟ. ಆದರೆ ನಮ್ಮ ಮನೆಗಳಲ್ಲಿ ಒಂದು ಒಳಲೆ ಅಂದರೆ ಅದರಲ್ಲಿ ಹಾಲು ಕುಡಿದ ಮೂರು ತಲೆಮಾರು. ಅದಕ್ಕೆ ಕತ್ತರಿ ಹಾಕಿ ಆಮೇಲೆ ಸರಿ ಬರಲಿಲ್ಲ ಅಂದರೆ ಯಾರಿಗೆ ಉತ್ತರ ಕೊಡುತ್ತೀರಿ?

ಭಾವನೆ ಬಿಟ್ಟು ಬರೀ ಕೆಲಸದ ಲೆಕ್ಕ ನೋಡಿದರೂ ಅದು ಬೇಡ. ಹಳೆಯ ಪಾತ್ರೆಯಲ್ಲಿ ಬೆಸುಗೆ ಇರುತ್ತದೆ. ಕರಗಿಸಿದಾಗ ಆ ಬೆಸುಗೆಯ ಸತು, ತಾಮ್ರ ಎಲ್ಲ ಬೆಳ್ಳಿಯ ಜೊತೆ ಬೆರೆತು ಅದು ಪೆಡಸಾಗುತ್ತದೆ. ತಗಡು ಎಳೆಯಲು ಹೋದರೆ ಅಂಚು ಬಿರಿಯುತ್ತದೆ. ಯಾರೂ ಬಳಸದ, ಹೆಸರಿಲ್ಲದ ಮುರುಕಲು ಇದ್ದರೆ ಅಂಗಡಿಗೆ ಕೊಟ್ಟು ಬದಲಿಗೆ ಹೊಸ ತಗಡು ತಗೊಳ್ಳಿ.

ಬೆಳ್ಳಿ: ಯಾವುದು, ಎಷ್ಟು

925 ಬೆಳ್ಳಿ ಸಾಕು. ಅಂದರೆ ಸಾವಿರ ಭಾಗದಲ್ಲಿ 925 ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. 999 ತುಂಬಾ ಮೆತ್ತಗೆ. ಮಡಿಚಲು ಸುಖ ಹೌದು, ಕಪ್ಪಾಗುವುದೂ ಕಡಿಮೆ, ಆದರೆ ದಿನಾ ಬಳಸುವ ತಟ್ಟೆಗೆ ಅಡಕತ್ತರಿ ಬಿದ್ದರೂ ನೆಗ್ಗುತ್ತದೆ.

ನನ್ನ ಅಳತೆ: 9 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ, 0.8 ಮಿ.ಮೀ. ದಪ್ಪದ ಚೌಕ ತಗಡು. 925 ಬೆಳ್ಳಿ ಒಂದು ಘನ ಸೆಂ.ಮೀ.ಗೆ ಸುಮಾರು 10.4 ಗ್ರಾಂ ತೂಗುತ್ತದೆ. 9 × 9 × 0.08 ಗುಣಿಸಿದರೆ 6.48, ಅದನ್ನು 10.4ರಿಂದ ಗುಣಿಸಿದರೆ ಸುಮಾರು 67 ಗ್ರಾಂ. ಈ ಲೆಕ್ಕ ಕಲಿತಿಟ್ಟುಕೊಳ್ಳಿ, ಅಂಗಡಿಗೆ ಹೋಗುವ ಮೊದಲೇ ಖರ್ಚು ಗೊತ್ತಾಗುತ್ತದೆ. ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದರೆ ಸಿದ್ಧ ಸಾಮಾನನ್ನೇ ಮುಂದೆ ಇಡುತ್ತಾರೆ, ತಗಡು ಬೇಕು ಅಂದರೆ ಒಮ್ಮೆ ಮುಖ ನೋಡುತ್ತಾರೆ. ಅಳತೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಿಲ್ಲು ಕೇಳಿ, 925 ಅಂತ ಅದರಲ್ಲಿ ಬರೆಸಿ. ನನಗೆ ಮೊದಲ ಸಲ ಒಂದು ಅಂಗಡಿಯಲ್ಲಿ ಬಾಯಿಮಾತಿನಲ್ಲಿ 925 ಅಂತ ಕೊಟ್ಟ ತಗಡು ಕಾಯಿಸಿದ ಕೂಡಲೇ ಕಡು ಕಪ್ಪಾಯಿತು, ಆಚಾರ್ರು ಒರೆಗಲ್ಲಿಗೆ ಉಜ್ಜಿ ನೋಡಿ ಸುಮ್ಮನೆ ನಕ್ಕರು. ಬಿಲ್ಲಿಲ್ಲದ ಮೇಲೆ ಜಗಳ ಮಾಡುವುದಾದರೂ ಹೇಗೆ.

ಜೊತೆಗೆ ಅಷ್ಟೇ ಅಳತೆಯ ಎರಡು ತಾಮ್ರದ ತಗಡು ತಗೊಳ್ಳಿ. ಮೊದಲ ತಟ್ಟೆ ತಾಮ್ರದ್ದು. ಇದನ್ನು ಬಿಟ್ಟು ಮುಂದೆ ಹೋಗುವ ಆಸೆ ಎಲ್ಲರಿಗೂ ಆಗುತ್ತದೆ, ನನಗೂ ಆಗಿತ್ತು.

ಉಪಕರಣ

ದೊಡ್ಡ ಪಟ್ಟಿ ಏನಿಲ್ಲ. ಮರದ ಕೊಡತಿ ಒಂದು. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಳಿಯಂತೆ ಅಡ್ಡ ಮೂತಿ ಇರುವ ಸುತ್ತಿಗೆ ಒಂದು, ಆದರೆ ಆ ಮೂತಿ ಚೂಪಾಗಿರದೆ ದುಂಡಗಿರಬೇಕು. ಅಡಿಗಲ್ಲಿಗೆ ರೈಲು ಹಳಿಯ ಒಂದು ತುಂಡು ಇದ್ದರೆ ಸೊಗಸು, ಅದನ್ನು ಹುಣಸೆ ಮರದ ದಿಮ್ಮಿಯ ಮೇಲೆ ಕೂರಿಸಿ. ಅರ, ಚಿಮಟ, ಇಕ್ಕಳ, ತಗಡು ಕತ್ತರಿ. ಹಳೆಯ ಜೀನ್ಸ್ ಪ್ಯಾಂಟಿನ ಕಾಲನ್ನು ಹೊಲಿದು ಮರಳು ಬಿಗಿಯಾಗಿ ತುಂಬಿದ ಚೀಲ. ಬೆಂಕಿಗೆ ಎಲ್‌ಪಿಜಿ ಟಾರ್ಚ್. ಅಡುಗೆ ಮನೆಯ ಪುಟ್ಟ ಟಾರ್ಚಿನಿಂದ ಇಷ್ಟು ಅಗಲದ ತಗಡು ಕಾಯುವುದಿಲ್ಲ. ಬೆಳ್ಳಿ ಶಾಖವನ್ನು ಎಷ್ಟು ಬೇಗ ಹರಡುತ್ತದೆ ಅಂದರೆ ಒಂದು ಮೂಲೆ ಕಾಯುವಷ್ಟರಲ್ಲಿ ಇನ್ನೊಂದು ಮೂಲೆ ಅದನ್ನು ಕುಡಿದುಬಿಡುತ್ತದೆ.

ಕಾಯಿಸುವಾಗ ತಗಡಿನ ಕೆಳಗೆ ಇಡುವ ಇಟ್ಟಿಗೆಯ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಮಳೆಗಾಲದಲ್ಲಿ ನಮ್ಮ ಇಟ್ಟಿಗೆಗಳು ನೀರು ಕುಡಿದಿರುತ್ತವೆ. ಒದ್ದೆ ಇಟ್ಟಿಗೆಯ ಮೇಲೆ ನೇರ ಟಾರ್ಚ್ ಹಿಡಿದರೆ ಒಳಗಿನ ನೀರು ಆವಿಯಾಗಿ ಚೂರು ಸಿಡಿಯುತ್ತದೆ. ನಾನು ಇಟ್ಟಿಗೆ ಮತ್ತು ಇದ್ದಿಲನ್ನು ಎರಡು ದಿನ ಮೊದಲೇ ಬಚ್ಚಲ ಒಲೆಯ ಪಕ್ಕ ಇಟ್ಟು ಒಣಗಿಸುತ್ತೇನೆ. ಕಣ್ಣಿಗೆ ಕನ್ನಡಕ, ಮೈಗೆ ಹತ್ತಿ ಬಟ್ಟೆ, ಕೂದಲು ಕಟ್ಟಿರಲಿ, ಕಿಟಕಿ ಬಾಗಿಲು ತೆರೆದಿರಲಿ. ಸಿಲಿಂಡರ್ ಬೆಂಕಿಯಿಂದ ದೂರ.

ಕಾಯಿಸಿದ ಬೆಳ್ಳಿಯ ಕಪ್ಪು ತೆಗೆಯಲು ಹುಳಿ ಬೇಕು. ಆಚಾರ್ರು ಗಂಧಕಾಮ್ಲ ಬಳಸುತ್ತಾರೆ. ಮನೆಯಲ್ಲಿ ಅದು ಬೇಡ. 1 ಲೀಟರ್ ನೀರಿಗೆ 100 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ, ಬೆರಳು ತಾಗಿಸಲಾಗದಷ್ಟು ಬಿಸಿ ಇಟ್ಟರೆ ಕೆಲಸ ಆಗುತ್ತದೆ, ಸ್ವಲ್ಪ ನಿಧಾನ ಅಷ್ಟೆ. ಹುಣಸೆ ನೀರೂ ಆಗುತ್ತದೆ, ಆದರೆ ಅದು ಇನ್ನೂ ನಿಧಾನ. ಹುಳಿ ಒಳಗೆ ಕಬ್ಬಿಣದ ಚಿಮಟ ಅದ್ದಬೇಡಿ. ಹುಳಿಯಲ್ಲಿ ಕರಗಿರುವ ತಾಮ್ರ ಎದ್ದು ಬಂದು ಬೆಳ್ಳಿಯ ಮೇಲೆ ಕೂತುಬಿಡುತ್ತದೆ, ತಟ್ಟೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ತಾಮ್ರದ ಅಥವಾ ಮರದ ಚಿಮಟ ಇಟ್ಟುಕೊಳ್ಳಿ. ಇನ್ನೊಂದು, ಹಳೆಯ ಕೆಲಸಗಾರರು ಕೆಲವರು ಹೊಳಪಿಗೆ ಸಯನೈಡ್ ಹಾಕುವುದುಂಟು. ಅದರ ಹತ್ತಿರವೂ ಹೋಗಬೇಡಿ.

ಮೊದಲ ಹೆಜ್ಜೆ: ಹಾಳೆಯ ಜೊತೆ ಒಂದು ಮಧ್ಯಾಹ್ನ

ಬಿದ್ದ ಹಾಳೆ ಒಂದನ್ನು ತಂದು ನೀರಲ್ಲಿ ನೆನೆಹಾಕಿ. ಮೆತ್ತಗಾದ ಮೇಲೆ ಮಡಿಚಿ ನೋಡಿ. ಹಾಳೆ ಟೊಪ್ಪಿ, ಹಾಳೆ ದೊನ್ನೆ ಮಾಡಿದವರಿಗೆ ಇದು ಗೊತ್ತು: ಉದ್ದಕ್ಕೆ ಮಡಿಚಿದರೆ ಹೇಳಿದಂತೆ ಕೇಳುತ್ತದೆ, ಅಡ್ಡ ಮಡಿಚಿದರೆ ನಾರು ಎದ್ದು ಜಗಳಕ್ಕೆ ಬರುತ್ತದೆ. ಉದ್ದಕ್ಕೂ ಗೆರೆಗಳು. ನಡುವೆ ದಪ್ಪ, ಅಂಚಿಗೆ ಬರುತ್ತ ಕಾಗದದಷ್ಟು ತೆಳು. ಒಣಗಿದರೆ ಆ ತೆಳು ಅಂಚು ತಾನಾಗಿ ಒಳಗೆ ಸುರುಳುತ್ತದೆ. ಮರವನ್ನು ಅಪ್ಪಿ ಹಿಡಿದಿದ್ದ ತುದಿ ಅಗಲ, ಸೋಗೆ ಕಡೆಯ ತುದಿ ಕಿರಿದು.

ನಿಮಗೆ ಬೇಕಾದದ್ದು ಇದರಲ್ಲಿ ಎರಡೋ ಮೂರೋ ಗುಣ ಮಾತ್ರ. ಇಡೀ ಹಾಳೆಯನ್ನು ಬೆಳ್ಳಿಯಲ್ಲಿ ನಕಲು ಮಾಡಲು ಹೋದರೆ ಅದು ಗೊಂಬೆ ಅಂಗಡಿಯ ಸಾಮಾನಾಗುತ್ತದೆ. ನಾನು ಆರಿಸಿಕೊಂಡದ್ದು ಉದ್ದದ ಗೆರೆ, ತೆಳು ಅಂಚಿನ ಸುರುಳಿ, ಒಂದು ತುದಿ ಕಿರಿದಾಗುವುದು. ಇಷ್ಟೇ. ನೋಡಿದವರು "ಹಾಳೆ" ಅಂತ ಕೂಡಲೇ ಅನ್ನಬಾರದು, ಅಡಿಕೆ ತೆಗೆಯಲು ಕೈ ಹಾಕಿದಾಗ ಬೆರಳಿಗೆ ಗೊತ್ತಾಗಬೇಕು.

ನಮ್ಮ ತಗಡು ಮುಂದೆ ಎಳೆದಾಗ 12 ಸೆಂ.ಮೀ. ಉದ್ದ ಆಗುತ್ತದೆ, ಹಾಗಾಗಿ 12 × 9 ಸೆಂ.ಮೀ. ರಟ್ಟಿನಂಥ ಕಾಗದದಲ್ಲಿ ಮೂರು ನಾಲ್ಕು ಮಾದರಿ ಮಡಿಚಿ. ಅದರಲ್ಲಿ ಎಲೆ ಇಟ್ಟು, ಅಡಿಕೆ ಇಟ್ಟು, ಸುಣ್ಣದ ಡಬ್ಬಿ ಇಟ್ಟು ನೋಡಿ. ಈ ಕೆಲಸಕ್ಕೆ ನಾನು ಅರ್ಧ ಗಂಟೆ ಕೊಟ್ಟೆ, ಅದು ಸಾಲಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಎರಡನೇ ಹೆಜ್ಜೆ: ಕಾಯಿಸಿ ಮೆತ್ತಗೆ ಮಾಡುವುದು

ಇಡೀ ಕೆಲಸದ ಜೀವಾಳ ಇದು, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಬೆಳ್ಳಿಯನ್ನು ಬಡಿದಂತೆ, ಮಡಿಚಿದಂತೆ ಅದು ಗಟ್ಟಿಯಾಗುತ್ತದೆ. ಒಳಗಿನ ಹರಳುಗಳು ಒಂದರ ಮೇಲೊಂದು ಜಾರಿ ಸಿಕ್ಕಿಹಾಕಿಕೊಳ್ಳುತ್ತವೆ, ಇನ್ನು ಜಾರಲು ಜಾಗ ಇಲ್ಲ ಅನ್ನುವ ಸ್ಥಿತಿಗೆ ಬಂದ ಮೇಲೂ ಬಡಿದರೆ ಬಿರುಕು ಬಿಡುತ್ತದೆ. ಕಾಯಿಸಿದರೆ ಹರಳುಗಳು ಹೊಸದಾಗಿ ಕೂರುತ್ತವೆ, ಮತ್ತೆ ಮೆತ್ತಗಾಗುತ್ತದೆ. ಯಾವಾಗ ಕಾಯಿಸಬೇಕು ಅಂತ ಗೊತ್ತಾಗುವುದು ಕಿವಿಯಿಂದ. ಮೆತ್ತಗಿರುವಾಗ ಏಟಿಗೆ ದಪ್ ಅನ್ನುತ್ತದೆ, ಗಟ್ಟಿಯಾದಾಗ ಟಣ್ ಅನ್ನುತ್ತದೆ. "ಸದ್ದು ಕೇಳಿ ತಂಗಿ, ಟಣ್ ಅಂದ್ರೆ ನಿಲ್ಸಿ," ಅಂತ ಆಚಾರ್ರು ಹೇಳಿದ್ದು ಇಷ್ಟೇ. ನಾನು ಮೊದಲ ತಾಮ್ರದ ತಗಡಿನಲ್ಲಿ ಇನ್ನು ನಾಲ್ಕೇ ಏಟು ಅಂದುಕೊಂಡು ಬಡಿದೆ. ಮೂರನೇ ಏಟಿಗೆ ಅಂಚು ಬಿರಿಯಿತು.

925 ಬೆಳ್ಳಿಗೆ ಬೇಕಾದ ಶಾಖ ಸುಮಾರು 650 ಡಿಗ್ರಿ. ಮಂಕು ಕೆಂಪು ಬಣ್ಣ, ಅದೂ ಅರೆಗತ್ತಲೆಯಲ್ಲಿ ಮಾತ್ರ ಕಾಣುವಂಥದ್ದು. ಸುಮಾರು 800 ಡಿಗ್ರಿ ದಾಟಿದರೆ ಈ ಮಿಶ್ರಲೋಹ ಕರಗಲು ಶುರು, ಅಂದರೆ ಸರಿಗೂ ತಪ್ಪಿಗೂ ನಡುವೆ ದೂರ ಜಾಸ್ತಿ ಇಲ್ಲ. ನಾನು ಒಂದು ಸಲ ಹೊರಗೆ ಅಂಗಳದಲ್ಲಿ, ಸಂಜೆಯ ಓರೆ ಬಿಸಿಲಿನಲ್ಲಿ ಕಾಯಿಸಿದೆ. ಕೆಂಪು ಕಾಣಲೇ ಇಲ್ಲ. ಇನ್ನೂ ಕಾದಿಲ್ಲ ಅಂತ ಹಿಡಿದೇ ಇದ್ದೆ, ಕಂಡಾಗ ಒಂದು ಮೂಲೆ ಬೆಣ್ಣೆಯಂತೆ ಜಾರಿ ಗುಂಡಾಗಿತ್ತು. ಈಗ ನಾನು ಕಾಯಿಸುವುದು ಬಚ್ಚಲ ಮನೆಯಲ್ಲಿ. ಮಳೆಗಾಲದ ಮಧ್ಯಾಹ್ನ ನಮ್ಮ ಬಚ್ಚಲ ಮನೆಯಷ್ಟು ಹದವಾದ ಕತ್ತಲೆ ಎಲ್ಲೂ ಇಲ್ಲ, ಹೊಗೆ ಹೋಗಲು ಹಂಚಿನ ಸಂದಿಯೂ ಇದೆ.

ಇನ್ನೊಂದು ಉಪಾಯ: ತಗಡಿನ ಮೇಲೆ ಪರ್ಮನೆಂಟ್ ಮಾರ್ಕರ್‌ನಿಂದ ಅಲ್ಲಲ್ಲಿ ಗೆರೆ ಎಳೆಯಿರಿ. ಹದ ಬರುವ ಹೊತ್ತಿಗೆ ಗೆರೆ ಸುಟ್ಟು ಮಾಯವಾಗುತ್ತದೆ. ಕರಾರುವಾಕ್ಕು ಅಲ್ಲ, ಆದರೆ ಹೊಸಬರಿಗೆ ಒಳ್ಳೆ ಸೂಚನೆ.

ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸಬೇಡಿ, ದೋಸೆ ಹೆಂಚಿಗೆ ಎಣ್ಣೆ ಸವರಿದ ಹಾಗೆ ಆಡಿಸುತ್ತಿರಿ. ಹದ ಬಂದ ಕೂಡಲೇ ಬೆಂಕಿ ತೆಗೆದು, ಕೆಂಪು ಪೂರ್ತಿ ಆರುವವರೆಗೆ ಕಾದು, ಆಮೇಲೆ ನೀರಿಗೆ ಹಾಕಿ. ಕೆಂಪಗಿರುವಾಗಲೇ ನೀರಿಗೆ ಹಾಕಿದರೆ ಬಿರುಕಿನ ಅಪಾಯ. ನಂತರ ಬಿಸಿ ಹುಳಿಗೆ, ನಂತರ ಮತ್ತೆ ನೀರಿಗೆ. ಕೆಂಪಗಿನ ಲೋಹವನ್ನು ನೇರವಾಗಿ ಹುಳಿಗೆ ಹಾಕಬೇಡಿ, ಹುಳಿ ಮುಖಕ್ಕೆ ಹಾರುತ್ತದೆ.

ಈ ಒಂದು ತಟ್ಟೆಗೆ ಹೀಗೆ ಹತ್ತು ಹನ್ನೆರಡು ಸಲ ಕಾಯಿಸಬೇಕಾಗುತ್ತದೆ. ಮುಂದೆ "ಕಾಯಿಸಿ" ಅಂದಾಗೆಲ್ಲ ಇಷ್ಟೂ ಸೇರಿಯೇ ಹೇಳುತ್ತಿದ್ದೇನೆ ಅಂದುಕೊಳ್ಳಿ.

ಮೂರನೇ ಹೆಜ್ಜೆ: ಹಾಳೆಯ ಮೈ ಬೆಳ್ಳಿಗೆ

ಬೆಳ್ಳಿಯ ಮೈಗೆ ಒರಟು ತರುವುದು ಹೊಸದೇನಲ್ಲ. ಬ್ರಿಟನ್ನಿನ ಜೆರಾಲ್ಡ್ ಬೆನ್ನಿ ಅನ್ನುವ ಬೆಳ್ಳಿ ಕೆಲಸಗಾರರು ಮುಖ ಹಾಳಾದ ಸುತ್ತಿಗೆಯಿಂದ ಅಕಸ್ಮಾತ್ ಬಡಿದಾಗ ಮೂಡಿದ ಮರದ ತೊಗಟೆಯಂಥ ಮೈಯನ್ನೇ ತಮ್ಮ ಗುರುತಾಗಿ ಮಾಡಿಕೊಂಡರು. ಅದನ್ನು ಓದಿ ಉತ್ಸಾಹ ಬಂದು ನಾನು ಜಂಬಿಟ್ಟಿಗೆ ಕಲ್ಲಿನ ಮೇಲೆ ತಗಡು ಇಟ್ಟು ಬಡಿದೆ. ಮೈ ಏನೋ ಚೆಂದ ಬಂತು. ಆದರೆ ಜಂಬಿಟ್ಟಿಗೆಯ ಕೆಂಪು ಅಂದರೆ ಕಬ್ಬಿಣ, ಅದರ ಕಣ ಬೆಳ್ಳಿಯೊಳಗೆ ಕಚ್ಚಿಕೊಂಡಿತು, ಎಷ್ಟು ಉಜ್ಜಿದರೂ ತುಕ್ಕಿನ ಬಣ್ಣದ ಚುಕ್ಕೆಗಳು ಹೋಗಲಿಲ್ಲ. ಆ ತಾಣದ ಬೆಳ್ಳಿಯನ್ನೇ ಅರದಿಂದ ಕೆರೆಯಬೇಕಾಯಿತು.

ಸುಲಭದ ದಾರಿ ರೋಲಿಂಗ್ ಮಿಷನ್, ಎರಡು ಉರುಳೆಗಳ ನಡುವೆ ತಗಡನ್ನು ಒತ್ತಿ ತೆಳು ಮಾಡುವ ಯಂತ್ರ. ಆಚಾರ್ರ ಹತ್ತಿರ ಇರುತ್ತದೆ, ಆದರೆ 9 ಸೆಂ.ಮೀ. ಅಗಲ ಹಿಡಿಯುವುದು ಬೇಕು, ಮೊದಲೇ ಕೇಳಿ. ಕಾಯಿಸಿದ 0.8 ಮಿ.ಮೀ. ತಗಡನ್ನು ಒಂದೇ ದಿಕ್ಕಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಎಳೆದು 0.65ಕ್ಕೆ ತನ್ನಿ. ಮತ್ತೆ ಕಾಯಿಸಿ. ಈಗ ಚೆನ್ನಾಗಿ ಒಣಗಿದ ಹಾಳೆಯ ತೆಳು ಪದರ ಒಂದನ್ನು ಸುಲಿದು, ನಾರು ಉದ್ದಕ್ಕೆ ಬರುವಂತೆ ಬೆಳ್ಳಿಯ ಮೇಲೆ ಇಟ್ಟು, ಅದರ ಮೇಲೆ ತಾಮ್ರದ ತಗಡು ಮುಚ್ಚಿ, ಮಿಷನ್ ಬಿಗಿ ಮಾಡಿ ಒಂದೇ ಸಲಕ್ಕೆ ದಾಟಿಸಿ. ಎರಡನೇ ಸಲ ದಾಟಿಸಿದರೆ ಗುರುತು ಜೋಡಿ ಜೋಡಿಯಾಗಿ ಕಾಣುತ್ತದೆ. ನಾರಿನ ಪ್ರತಿ ಎಳೆಯೂ ಬೆಳ್ಳಿಯಲ್ಲಿ ಮೂಡಿರುತ್ತದೆ. ಮೊದಲ ಸಲ ಅದನ್ನು ಬೆಳಕಿಗೆ ಹಿಡಿದು ನೋಡಿದಾಗ ನಾನು ಸುಮಾರು ಹೊತ್ತು ಮಾತಾಡಲಿಲ್ಲ.

ಹಾಳೆ ಒಣಗಿರಲೇಬೇಕು ಅಂತ ಮತ್ತೊಮ್ಮೆ ಹೇಳುತ್ತೇನೆ. ಮಿಷನ್ನಿನ ಉರುಳೆ ಉಕ್ಕಿನದ್ದು, ತೇವ ತಾಗಿದರೆ ತುಕ್ಕು ಹಿಡಿಯುತ್ತದೆ, ಆಮೇಲೆ ಆ ತುಕ್ಕಿನ ಗುರುತು ಎಲ್ಲರ ತಗಡಿನ ಮೇಲೂ. ಆಚಾರ್ರು ನಿಮ್ಮನ್ನು ಮತ್ತೆ ಒಳಗೆ ಬಿಡುವುದಿಲ್ಲ.

ಈಗ ತಗಡು 0.6 ಮಿ.ಮೀ.ಗೆ ಬಂದಿರುತ್ತದೆ. ಅಗಲ ಹೆಚ್ಚು ಕಡಿಮೆ ಅಷ್ಟೇ ಇದ್ದು ಉದ್ದ 12 ಸೆಂ.ಮೀ. ಹತ್ತಿರ ಬೆಳೆದಿರುತ್ತದೆ. ತೂಕ ಮಾತ್ರ ಅದೇ 67 ಗ್ರಾಂ.

ನಾಲ್ಕನೇ ಹೆಜ್ಜೆ: ಮಡಿಕೆಯಿಂದ ಗೆರೆ

ತಗಡನ್ನು ಬಟ್ಟೆಯಂತೆ ಮಡಿಚಿ, ಬಡಿದು, ಕಾಯಿಸಿ, ಬಿಚ್ಚಿ ಆಕಾರ ತರುವ ಈ ವಿದ್ಯೆಗೆ ಫೋಲ್ಡ್ ಫಾರ್ಮಿಂಗ್ ಅನ್ನುತ್ತಾರೆ. ಕೆನಡಾದ ಚಾರ್ಲ್ಸ್ ಲ್ಯೂಟನ್-ಬ್ರೇನ್ 1980ರ ದಶಕದಲ್ಲಿ ಇದನ್ನು ಬೆಳೆಸಿದರು. ಹಾಳೆ ಮಡಿಚಿ ಗೊತ್ತಿರುವ ನಮ್ಮ ಕೈಗೆ ಇದು ಬೇಗ ಒಗ್ಗುತ್ತದೆ.

ಗುರುತು ಮೂಡಿದ ಮುಖ ಹೊರಗೆ ಬರುವಂತೆ, ಉದ್ದಕ್ಕೆ ಸರಿಯಾಗಿ ನಡುವೆ ಮಡಿಚಿ. ಮೇಜಿನ ಅಂಚಿಗೆ ಎರಡು ಮರದ ಪಟ್ಟಿಗಳ ನಡುವೆ ಹಿಡಿದು ಬಗ್ಗಿಸಿದರೆ ಗೆರೆ ನೇರ ಬರುತ್ತದೆ. ಆಮೇಲೆ ಕೊಡತಿಯಿಂದ ಪೂರ್ತಿ ಮುಚ್ಚುವವರೆಗೆ ಬಡಿಯಿರಿ, ನಡುವೆ ತೊಗಲಿನ ತುಂಡು ಇಟ್ಟರೆ ನಾರಿನ ಗುರುತು ಮಾಸುವುದಿಲ್ಲ. ಕಾಯಿಸಿ. ಈಗ ಮೊಂಡು ಚಾಕು ತೂರಿಸಿ ಬಿಚ್ಚಿ, ಕೈಯಲ್ಲೇ ಅಗಲಿಸಿ. ಬಿಚ್ಚುವಾಗ ಹಟ ಮಾಡಿದರೆ ಬಲ ಹಾಕಬೇಡಿ, ಇನ್ನೊಮ್ಮೆ ಕಾಯಿಸಿ. ಮಡಿಕೆಯ ಏಣು ಮೇಲೆ ಬರುವಂತೆ ಅಡಿಗಲ್ಲಿನ ಮೇಲಿಟ್ಟು, ಅದರ ಎರಡೂ ಪಕ್ಕ ಕೊಡತಿಯಿಂದ ಬಡಿದು ಚಪ್ಪಟೆ ಮಾಡಿ. ಏಣು ಮಾತ್ರ ತೆಳುವಾದ ಗೆರೆಯಾಗಿ ಎದ್ದು ನಿಲ್ಲುತ್ತದೆ.

ಅದರ ಎರಡೂ ಪಕ್ಕ, ಸುಮಾರು 1.5 ಸೆಂ.ಮೀ. ಬಿಟ್ಟು ಇನ್ನೊಂದೊಂದು. ಅದರಾಚೆ ಮತ್ತೊಂದೊಂದು. ಒಟ್ಟು ಐದು. ಒಂದೊಂದು ಮಡಿಕೆಯೂ ಸ್ವಲ್ಪ ಸ್ವಲ್ಪ ಅಗಲ ತಿನ್ನುತ್ತದೆ, ಅದಕ್ಕೇ 9 ಸೆಂ.ಮೀ.ಯಿಂದ ಶುರು ಮಾಡಿದ್ದು. ಗೆರೆಗಳು ಸ್ಕೇಲ್ ಇಟ್ಟ ಹಾಗೆ ಸಮ ಬರಬೇಕು ಅಂತ ಒದ್ದಾಡಬೇಡಿ. ನನ್ನದರಲ್ಲಿ ನಾಲ್ಕನೆಯದು ತುದಿಗೆ ಹೋಗುತ್ತ ಸ್ವಲ್ಪ ಓರೆ. ಅದೇ ನನಗೆ ಇಷ್ಟದ ಗೆರೆ.

ಐದನೇ ಹೆಜ್ಜೆ: ಅಂಚು ಮತ್ತು ಗುಳಿ

ಉದ್ದದ ಎರಡೂ ಅಂಚನ್ನು ಸುತ್ತಿಗೆಯ ಅಡ್ಡ ಮೂತಿಯಿಂದ ಬಡಿಯಿರಿ, ಒಂದರ ಪಕ್ಕ ಒಂದು ಏಟು, ಅಂಚಿನಿಂದ ಒಳಗೆ ಅರ್ಧ ಸೆಂ.ಮೀ.ವರೆಗೆ ಮಾತ್ರ. ಅಂಚು ತೆಳುವಾಗುತ್ತ ಉದ್ದ ಬೆಳೆಯುತ್ತದೆ. ನಡುವಿನ ಭಾಗ ಬೆಳೆಯದೇ ಇರುವುದರಿಂದ ಹೆಚ್ಚಾದ ಉದ್ದಕ್ಕೆ ಹೋಗಲು ಜಾಗ ಇಲ್ಲದೆ ಅಂಚು ತಾನಾಗಿ ಅಲೆಯೇಳುತ್ತದೆ. ಒಣ ಹಾಳೆಯ ಅಂಚು ಸುರುಳುವುದು ಒಂದು ಕಡೆ ಕುಗ್ಗುವುದರಿಂದ, ಇಲ್ಲಿ ಹಿಗ್ಗುವುದರಿಂದ, ಆದರೆ ಕಣ್ಣಿಗೆ ಎರಡೂ ಒಂದೇ. ಅಲೆ ಕಂಡ ಕೂಡಲೇ ನಿಲ್ಲಿಸಿ. ಜಾಸ್ತಿಯಾದರೆ ಸೀರೆ ಅಂಚಿನ ಫ್ರಿಲ್ಲಿನಂತಾಗುತ್ತದೆ.

ಕಾಯಿಸಿ. ಮರಳು ಚೀಲದ ಮೇಲಿಟ್ಟು ಲಟ್ಟಣಿಗೆಯ ದುಂಡು ತುದಿಯಿಂದ ಒತ್ತುತ್ತ, ಮೆಲ್ಲಗೆ ತಟ್ಟುತ್ತ ನಡುವೆ ಗುಳಿ ತನ್ನಿ. 2 ಸೆಂ.ಮೀ. ಆಳ ಸಾಕು. ಕೊನೆಗೆ ಒಂದು ತುದಿಯನ್ನು ಬೆರಳಲ್ಲೇ ಹಿಡಿದು ಕಿರಿದು ಮಾಡಿ. ಕಾಯಿಸಿದ 0.6 ಮಿ.ಮೀ. ಬೆಳ್ಳಿ ಬರಿಗೈಗೆ ಬಗ್ಗುತ್ತದೆ, ಇಲ್ಲಿ ಇಕ್ಕಳ ತಂದರೆ ಹಲ್ಲಿನ ಗುರುತು ಬೀಳುತ್ತದೆ. ಇನ್ನೊಂದು ತುದಿ ತೆರೆದೇ ಇರಲಿ, ಅಡಿಕೆ ಚೂರು ಕೈಗೆ ಸುರಿದುಕೊಳ್ಳಲು.

ಬೇಡದ ಮೂಲೆಗಳನ್ನು ಕತ್ತರಿಯಿಂದ ತೆಗೆದು, ಆ ಚೂರುಗಳನ್ನು ಎತ್ತಿಡಿ. ಅಂಚನ್ನು ಅರದಿಂದ ಉಜ್ಜಿ, ನುಣುಪಾದ ಸ್ಟೀಲ್ ಸರಳಿನಿಂದ ಒತ್ತಿ ತೀಡಿ. ಕಣ್ಣು ಮುಚ್ಚಿ ಅಂಚಿನ ಮೇಲೆ ಬೆರಳು ಓಡಿಸಿದಾಗ ಎಲ್ಲೂ ಕಚ್ಚಬಾರದು.

ಆರನೇ ಹೆಜ್ಜೆ: ಮೂರು ಅಡಿಕೆ ಕಾಲು

ಗುಳಿಯಾದ ತಟ್ಟೆ ನೆಲದ ಮೇಲೆ ಉರುಳಾಡುತ್ತದೆ. ಕಾಲು ಬೇಕು. ಮೂರೇ ಬೇಕು, ಮೂರು ಕಾಲಿನದ್ದು ಎಂಥ ಓರೆಕೋರೆ ನೆಲದ ಮೇಲೂ ಅಲುಗುವುದಿಲ್ಲ, ನಮ್ಮ ಜಗಲಿಗಳು ಹೇಗಿವೆ ಅಂತ ಗೊತ್ತಲ್ವಾ.

ಎತ್ತಿಟ್ಟ ಚೂರುಗಳಲ್ಲಿ 2 ಗ್ರಾಂನಂತೆ ಮೂರು ಪಾಲು ಮಾಡಿ. ಇದ್ದಿಲಿನಲ್ಲಿ ಪುಟ್ಟ ಕುಳಿ ತೋಡಿ, ಚೂರು ಇಟ್ಟು, ಬಿಳಿಗಾರ (ಬೋರಾಕ್ಸ್) ಒಂದು ಚಿಟಿಕೆ ಹಾಕಿ ಕರಗಿಸಿ. ಕರಗಿದ ಬೆಳ್ಳಿ ತಾನಾಗಿ ಗುಂಡಾಗುತ್ತದೆ, ಕೆಸುವಿನೆಲೆ ಮೇಲಿನ ನೀರಿನಂತೆ. 2 ಗ್ರಾಂಗೆ ಸುಮಾರು 7 ಮಿ.ಮೀ. ಗುಂಡು ಬರುತ್ತದೆ, ಇದ್ದಿಲಿಗೆ ತಾಗಿದ ಕಡೆ ಸ್ವಲ್ಪ ಚಪ್ಪಟೆ, ಥೇಟ್ ಪುಟ್ಟ ಗೋಟಡಿಕೆ.

ಬೆಸುಗೆಯಲ್ಲಿ ನಾನು ಎರಡು ಸಲ ಸೋತೆ. ಬಿಳಿಗಾರವನ್ನು ನೀರು ಹಾಕಿ ಕಲ್ಲಿನ ಮೇಲೆ ತೇಯ್ದು, ಗುಂಡಿಗೂ ತಟ್ಟೆಗೂ ಸವರಿ, ನಡುವೆ ಬೆಸುಗೆ ಚೂರು ಇಟ್ಟು ಟಾರ್ಚ್ ಹಿಡಿದೆ. ಗುಂಡು ಚಿಕ್ಕದು, ಬೇಗ ಕಾಯಿತು. ತಟ್ಟೆ ದೊಡ್ಡದು, ತಣ್ಣಗೇ ಇತ್ತು. ಬೆಸುಗೆ ಯಾವಾಗಲೂ ಬಿಸಿ ಇರುವ ಕಡೆಗೆ ಓಡುತ್ತದೆ, ಹಾಗಾಗಿ ಪೂರ್ತಿ ಗುಂಡಿನ ಮೇಲೆ ಹತ್ತಿ ಕೂತಿತು, ಗುಂಡು ಉರುಳಿ ಬೂದಿಗೆ ಬಿತ್ತು. ಸರಿಯಾದ ದಾರಿ ಹೀಗೆ: ಮೊದಲು ಗುಂಡಿನ ಚಪ್ಪಟೆ ಮುಖಕ್ಕೆ ಮಾತ್ರ ಬೆಸುಗೆ ಕರಗಿಸಿ ಅಂಟಿಸಿಕೊಳ್ಳಿ. ತಟ್ಟೆಯನ್ನು ಬೋರಲು ಹಾಕಿ, ಬಾಗದಂತೆ ಕೆಳಗೆ ಇಟ್ಟಿಗೆ ಚೂರುಗಳ ಆಸರೆ ಕೊಡಿ. ಮೂರೂ ಗುಂಡು ಕೂರಿಸಿ. ಆಮೇಲೆ ತಟ್ಟೆಯನ್ನು ಅಗಲವಾಗಿ ಕಾಯಿಸುತ್ತ ಬನ್ನಿ, ಗುಂಡಿನ ಕಡೆ ಜ್ವಾಲೆ ಕೊನೆಗೆ ಬರಲಿ. ಗುಂಡು ಒಂದಿಷ್ಟೇ ಕುಸಿದು ಸುತ್ತ ಬೆಳ್ಳಿ ಗೆರೆ ಮಿಂಚಿದ ಕ್ಷಣ ಬೆಂಕಿ ತೆಗೆಯಿರಿ. ಮೂರೂ ಒಂದೇ ಬಾರಿಗೆ ಆದರೆ ಒಳ್ಳೆಯದು.

ಬೆಸುಗೆ ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ್ದನ್ನೇ ಕೇಳಿ. ಅದರ ಹೊಗೆ ಶ್ವಾಸಕೋಶಕ್ಕೆ ವಿಷ, ಮೇಲಾಗಿ ಇದು ಬಾಯಿಗೆ ಹಾಕುವ ವಸ್ತು ಇಡುವ ತಟ್ಟೆ.

ಏಳನೇ ಹೆಜ್ಜೆ: ಬಿಳುಪು, ಕಪ್ಪು, ಹೊಳಪು

925 ಬೆಳ್ಳಿಯನ್ನು ಪದೇ ಪದೇ ಕಾಯಿಸಿದರೆ ಅದರೊಳಗಿನ ತಾಮ್ರ ಗಾಳಿ ತಾಗಿ ಬೂದು ನೇರಳೆ ಮಚ್ಚೆ ಕಟ್ಟುತ್ತದೆ. ಉಜ್ಜಿದಷ್ಟೂ ಕಾಣುತ್ತದೆ. ಅದನ್ನು ಕೆರೆದು ತೆಗೆಯುವ ಬದಲು ಮುಚ್ಚಿಬಿಡಿ: ಇಡೀ ತಟ್ಟೆಯನ್ನು ಬೆಸುಗೆ ಕರಗದಷ್ಟು ಹದಕ್ಕೆ ಕಾಯಿಸಿ, ಹುಳಿಗೆ ಹಾಕಿ, ತೊಳೆಯಿರಿ. ಹೀಗೆ ನಾಲ್ಕೈದು ಸಲ. ಪ್ರತಿ ಸಲವೂ ಮೇಲ್ಪದರದ ತಾಮ್ರವನ್ನು ಹುಳಿ ತಿಂದುಹಾಕಿ ಶುದ್ಧ ಬೆಳ್ಳಿಯ ತೆಳು ಚರ್ಮ ಉಳಿಯುತ್ತದೆ. ಸುಣ್ಣ ಬಳಿದ ಗೋಡೆಯಂಥ ಮಂಕು ಬಿಳುಪು. ಇದಾದ ಮೇಲೆ ಮಿಷನ್ ಪಾಲಿಶ್ ಹಾಕಿದರೆ ಆ ಚರ್ಮವೇ ಹೋಗುತ್ತದೆ. ಅಂಟುವಾಳಕಾಯಿ ನೆನೆಸಿದ ನೀರು, ಮೆತ್ತಗಿನ ಹಿತ್ತಾಳೆ ಬ್ರಷ್, ಇಷ್ಟೇ ಸಾಕು.

ಈಗ ಗೆರೆಗಳ ಸಂದಿಗೆ ಕಪ್ಪು ತರಬೇಕು, ಇಲ್ಲದಿದ್ದರೆ ನಾರಿನ ಗುರುತು ದೂರದಿಂದ ಕಾಣುವುದೇ ಇಲ್ಲ. ಲಿವರ್ ಆಫ್ ಸಲ್ಫರ್ ಅಂತ ಆಭರಣ ಸಾಮಗ್ರಿ ಅಂಗಡಿಯಲ್ಲಿ ಸಿಗುತ್ತದೆ, ಚಿಟಿಕೆಯಷ್ಟು ಬಿಸಿ ನೀರಿಗೆ ಹಾಕಿ ತಟ್ಟೆ ಅದ್ದಿದರೆ ಕಂದು, ನೀಲಿ, ಕೊನೆಗೆ ಕಪ್ಪು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಪುಡಿ ಮಾಡಿ ತಟ್ಟೆಯ ಜೊತೆ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಟ್ಟರೂ ಆಗುತ್ತದೆ, ಎರಡರಲ್ಲೂ ಕೆಲಸ ಮಾಡುವುದು ಗಂಧಕವೇ. ನಮ್ಮ ಮನೆಯೊಳಗೆ ಮೊಟ್ಟೆ ಬರುವ ಹಾಗಿಲ್ಲ, ಹಾಗಾಗಿ ಮೊದಲನೆಯದೇ ಗತಿ. ವಾಸನೆಗೆ ಅತ್ತೆ ಎರಡು ದಿನ ಮೂಗು ಮುಚ್ಚಿಕೊಂಡು ಓಡಾಡಿದರು, ಅದು ಬೇರೆ ವಿಷಯ. ದಯವಿಟ್ಟು ಹೊರಗೆ ಮಾಡಿ, ಹುಳಿ ಪಾತ್ರೆಯಿಂದ ದೂರ ಮಾಡಿ. ಅದಕ್ಕೆ ಹುಳಿ ಬಿದ್ದರೆ ವಿಷದ ಗಾಳಿ ಏಳುತ್ತದೆ.

ಪೂರ್ತಿ ಕಪ್ಪಾದ ಮೇಲೆ ಚೆನ್ನಾಗಿ ತೊಳೆದು, ಒದ್ದೆ ಬಟ್ಟೆಗೆ ಅಡುಗೆ ಸೋಡಾ ಅದ್ದಿ ಮೇಲ್ಮೈ ಮಾತ್ರ ಉಜ್ಜಿ. ಏಣುಗಳು ಬೆಳ್ಳಗೆ, ಸಂದಿಗಳು ಕಪ್ಪಗೆ ಉಳಿಯುತ್ತವೆ. ಇಲ್ಲಿ ಅರ್ಧಕ್ಕೇ ನಿಲ್ಲಿಸಿ. ಉಳಿದ ಅರ್ಧ ಉಜ್ಜುವುದು ಬಳಸುವವರ ಬೆರಳು.

ಜಗಲಿಗೆ ಬಂದ ಮೇಲೆ

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ, ತೇವ ಇದ್ದರೆ ಬೇಗ. ನಮ್ಮ ಮಳೆಗಾಲ ಅದಕ್ಕೆ ಹೇಳಿ ಮಾಡಿಸಿದ್ದು. ಆದರೆ ದಿನಾ ಕೈ ತಾಗುವ, ದಿನಾ ಒರೆಸುವ ಜಾಗದಲ್ಲಿ ಕಪ್ಪು ಕೂರಲು ಬಿಡುವೇ ಸಿಗುವುದಿಲ್ಲ. ಊರಿಗೆ ಹೋಗುವುದಿದ್ದರೆ ಹಳೆ ಹತ್ತಿ ಸೀರೆಯಲ್ಲಿ ಸುತ್ತಿಡಿ. ಪೇಪರ್, ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್ ಬೇಡ, ಅವುಗಳಲ್ಲಿ ಗಂಧಕ ಇರುತ್ತದೆ. ಅಲ್ಯೂಮಿನಿಯಂ ಫಾಯಿಲ್ ಹಾಸಿ ಬಿಸಿ ನೀರು, ಸೋಡಾ ಹಾಕಿ ಬೆಳ್ಳಿ ತೊಳೆಯುವ ವಿಧಾನ ಎಲ್ಲರ ಮೊಬೈಲಿಗೂ ಬಂದಿದೆ. ಬೇರೆ ಸಾಮಾನಿಗೆ ಒಳ್ಳೆಯದೇ, ಕಪ್ಪಾಗಿದ್ದ ಬೆಳ್ಳಿ ಮತ್ತೆ ಬೆಳ್ಳಿಯಾಗಿಯೇ ಉಳಿಯುತ್ತದೆ. ಈ ತಟ್ಟೆಗೆ ಮಾತ್ರ ಬೇಡ, ನೀವು ಕಷ್ಟಪಟ್ಟು ಕೂರಿಸಿದ ಸಂದಿಯ ಕಪ್ಪೂ ಹೋಗುತ್ತದೆ. ಉಪ್ಪಿನಕಾಯಿಯಂಥ ಉಪ್ಪಿನ ವಸ್ತು ಇಡಬೇಡಿ, ಉಪ್ಪು ಬೆಳ್ಳಿಯನ್ನು ತಿನ್ನುತ್ತದೆ.

ನಮ್ಮ ಮನೆಯ ತಟ್ಟೆಗೆ ಈಗ ಒಂದು ಮಳೆಗಾಲ ಕಳೆದಿದೆ. ಮಾವ ಸುಣ್ಣದ ಡಬ್ಬಿ ಎತ್ತುವ ಕಡೆ ಎರಡು ಏಣು ಕನ್ನಡಿಯಂತಾಗಿವೆ, ಕಿರಿದು ತುದಿಯ ಒಳಗೆ ಯಾರ ಬೆರಳೂ ಹೋಗದ ಕಾರಣ ಅಲ್ಲಿ ಇನ್ನೂ ಕಡು ಕಪ್ಪು. ಬಂದವರು ಈಗಲೂ ತೂಗಿ ನೋಡಿ "ಎಷ್ಟು ಗ್ರಾಂ?" ಅಂತ ಕೇಳುತ್ತಾರೆ, ಕೇಳುವಾಗಲೇ ಹೆಬ್ಬೆರಳು ಗೆರೆಯ ಮೇಲೆ ಓಡುತ್ತಿರುತ್ತದೆ. ಅತ್ತೆಯ ದೂರು ಒಂದೇ, ಅಡಕತ್ತರಿ ಇಡಲು ಜಾಗ ಇಲ್ಲ, ಇಟ್ಟರೆ ಹಿಡಿ ಹೊರಗೆ ಚಾಚಿ ತಟ್ಟೆ ಮಗುಚುತ್ತದೆ. ಕಾಗದದ ಮಾದರಿಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ ಎಲ್ಲ ಇಟ್ಟು ನೋಡಿದ್ದೆ, ಅಡಕತ್ತರಿಯನ್ನು ಮಾತ್ರ ಮರೆತಿದ್ದೆ. ಮುಂದಿನದ್ದಕ್ಕೆ ತಗಡು 12 ಸೆಂ.ಮೀ. ಉದ್ದದ್ದು ತರಬೇಕು, ಎಳೆದಾಗ 16 ಆಗುತ್ತದೆ. ನೀವು ಮಾಡುವುದಾದರೆ ನಿಮ್ಮ ಮನೆಯ ಅಡಕತ್ತರಿಯನ್ನು ಮೊದಲು ಅಳೆದುಕೊಳ್ಳಿ.